ಮೊದಲನೆಯದು ತವರಿನ ಲೆಕ್ಕ

ಮೊನ್ನೆ ಕಲ್ಯಾಣದುರ್ಗದ ಆಸ್ಪತ್ರೆಯೊಂದರಲ್ಲಿ ಬಿ.ಪಿ. ಮಾತ್ರೆ ಬರೆಸಿಕೊಳ್ಳಲು ಕೂತಿದ್ದೆ. ಪಕ್ಕದಲ್ಲಿ ತುಂಬು ಬಸುರಿ ಹುಡುಗಿಯೊಬ್ಬಳು, ಚಪ್ಪಲಿ ಕಾಲಿಗೆ ಹಿಡಿಸದೆ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳ ಜೊತೆ ಬಂದಿದ್ದ ಹೆಂಗಸು, ಅಮ್ಮನೋ ಅತ್ತೆಯೋ, "ಕಾಲು ಊದಿದ್ರೆ ಒಳ್ಳೇದು ಕಣಮ್ಮ, ಸಲೀಸಾಗಿ ಹೆರಿಗೆ ಆಯ್ತದೆ" ಎಂದು ಸಮಾಧಾನ ಹೇಳುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಯಾರಮ್ಮ ನಿಮಗೆ ಹಂಗೆ ಹೇಳಿದ್ದು?" ಎಂದು ಜೋರಾಗಿಯೇ ಕೇಳಿಬಿಟ್ಟೆ. ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ನೀಕೆಂದುಕಮ್ಮಾ?" ಎಂದಳು ಆಕೆ. ನಿನಗ್ಯಾಕಮ್ಮ ಅಂತ. ನನಗೆ ಯಾಕೆ ಎಂಬುದನ್ನು ಅಲ್ಲಿ ನಿಂತು ಹೇಳುವಷ್ಟು ಹೊತ್ತಿರಲಿಲ್ಲ, ನರ್ಸು ನನ್ನ ಹೆಸರು ಕೂಗಿದಳು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ಸುಮ. ತವರು ಸೆಟ್ಟೂರು, ಕನ್ನಡ ತೆಲುಗು ಎರಡೂ ಆಡುವ ಗಡಿ ಕಡೆ. ಅಪ್ಪ ಸೆಟ್ಟೂರಿಗೂ ಕಲ್ಯಾಣದುರ್ಗಕ್ಕೂ ನಡುವೆ ಸರ್ವಿಸ್ ಜೀಪು ಓಡಿಸುತ್ತಾರೆ. ನನ್ನನ್ನು ಕೊಟ್ಟಿದ್ದು ಹಿಂದೂಪುರಕ್ಕೆ. ಮಾವನದು ಹುಣಸೆಹಣ್ಣಿನ ವ್ಯಾಪಾರ. ಗಂಡ ನಾಗೇಶ ಮಸ್ಕತ್ತಿನಲ್ಲಿ ಎ.ಸಿ. ರಿಪೇರಿ ಮಾಡುವ ಕಂಪನಿಯಲ್ಲಿದ್ದಾನೆ. ಮದುವೆಯಾದ ಮೇಲೆ ನನ್ನನ್ನೂ ಅಲ್ಲಿಗೆ ಕರೆಸಿಕೊಂಡ. ಗಂಡನ ಬಗ್ಗೆ ಬರೆಯುವಾಗ ಬಹುವಚನ ಹಾಕಬೇಕು ಅಂತ ಅಮ್ಮ ಹೇಳುತ್ತಾರೆ. ಎದುರಿಗೆ ಹಾಕುತ್ತೇನೆ. ಬರಹದಲ್ಲಿ ಅವನು ಅದನ್ನು ಇನ್ನೂ ಸಂಪಾದಿಸಿಲ್ಲ.

ಮಸ್ಕತ್ತಿನಲ್ಲಿ ಅವನ ಕಂಪನಿಯ ಇನ್ಶೂರೆನ್ಸು ಅವನೊಬ್ಬನಿಗೆ. ಹೆಂಡತಿ ಬಸುರಿಯಾದರೆ ಅದು ಹೆಂಡತಿಯ ಹಣೆಬರಹ. ಕ್ಲಿನಿಕ್ಕಿಗೆ ಹೋದಾಗಲೆಲ್ಲ ನಾಗೇಶ ರಿಯಾಲನ್ನು ರೂಪಾಯಿ ಮಾಡುತ್ತಿದ್ದ, ರೂಪಾಯಿಯನ್ನು ಸಿಮೆಂಟು ಮಾಡುತ್ತಿದ್ದ. ಹಿಂದೂಪುರದ ಮನೆಯ ಮೇಲೆ ಇನ್ನೊಂದು ಮನೆ ಏಳುತ್ತಿತ್ತು. ತಿಂಗಳಾದರೆ ಸಂಬಳ ಅತ್ತೆಯ ಅಕೌಂಟಿಗೆ ಹೋಗುತ್ತಿತ್ತು. "ಒಂದು ಸ್ಕ್ಯಾನಿಗೆ ಎಷ್ಟು ಮೂಟೆ ಸಿಮೆಂಟು ಬರುತ್ತೆ ಗೊತ್ತಾ?" ಎಂದು ಲಿಫ್ಟಿನಲ್ಲಿ ನಿಂತು ಕೇಳುತ್ತಿದ್ದ. ಬೈಯುತ್ತಿರಲಿಲ್ಲ, ನಗುತ್ತಲೇ ಕೇಳುತ್ತಿದ್ದ. ನಾನೂ ಪೆದ್ದಿಯ ಹಾಗೆ ನಗುತ್ತಿದ್ದೆ. ಮುಂದಿನ ಚೆಕಪ್ಪನ್ನು ಸ್ವಲ್ಪ ಮುಂದೂಡುತ್ತಿದ್ದೆವು.

ಐದು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ ಎಂದು ಅಮ್ಮ ಮೊದಲೇ ಹೇಳಿಟ್ಟಿದ್ದರು. ಐದು ತುಂಬಿದ ಮೇಲೆ ಅತ್ತೆಗೆ ಫೋನು ಮಾಡಿ ಹೇಳಿದೆವು. ಸಂತೋಷದಿಂದ ಅತ್ತುಬಿಟ್ಟರು. ನಂತರ ಮೂಗು ಒರೆಸಿಕೊಂಡು, "ಅಲ್ಲಿ ಯಾಕಮ್ಮ ದುಡ್ಡು ಸುರೀತೀರಾ? ಮೊದ್ಲುದು ತವರಿನ್ದು. ಅವ್ರು ನೋಡ್ಕಂತಾರೆ" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಮೊದಲ ಹೆರಿಗೆ ತವರಿನದು. ಬಳೆ ತೊಡಿಸುವುದರಿಂದ ಹಿಡಿದು ಬಾಣಂತನದ ಖಾರದವರೆಗೆ ಎಲ್ಲ ತವರಿನದೇ ಖರ್ಚು. ಗಂಡನ ಮನೆಯವರು ಕೈ ಬಿಚ್ಚಿದರೆ ತವರಿಗೆ ಅವಮಾನ, ಬಿಚ್ಚದಿದ್ದರೆ ಅವರಿಗೆ ಲಾಭ. ಏಳರಲ್ಲಿ ಕರೆದುಕೊಂಡು ಹೋಗಬೇಕು, ತಪ್ಪಿದರೆ ಒಂಬತ್ತರಲ್ಲಿ. ಎಂಟರಲ್ಲಿ ಮಾತ್ರ ಬಸುರಿಯನ್ನು ತವರಿಗೆ ಕರೆತರಬಾರದು. ಇದನ್ನು ಮಾಡಿದ ಹಿರಿಯರಿಗೆ ಸೆಟ್ಟೂರೂ ಗೊತ್ತಿತ್ತು, ಹಿಂದೂಪುರವೂ ಗೊತ್ತಿತ್ತು. ಬಸುರಿಯೊಬ್ಬಳು ಸಮುದ್ರದಾಚೆ ಕೂತಿದ್ದರೆ ಅಷ್ಟು ತಿಂಗಳು ಅವಳನ್ನು ಯಾರು ನೋಡಬೇಕು ಎಂಬುದನ್ನು ಅವರು ಹೇಳಿ ಹೋಗಲಿಲ್ಲ.

ಏಳರಲ್ಲಿ ಊರಿಗೆ ಹೋಗುವುದು ಎಂದು ತೀರ್ಮಾನವಾಗಿತ್ತು. ಆದರೆ ಶಾಲೆಗಳಿಗೆ ರಜ ಬಿದ್ದು ವಿಮಾನದ ಟಿಕೆಟ್ಟು ಏರಿತು. ಇಳಿಯುತ್ತದೆ, ಇಳಿಯುತ್ತದೆ ಎಂದು ನಾಗೇಶ ಮೊಬೈಲು ನೋಡುತ್ತ ಕೂತ. ಏಳು ಹಾಗೇ ಕಳೆದುಹೋಯಿತು. ಅಷ್ಟರಲ್ಲಿ ನನ್ನ ಉಂಗುರ ಬೆರಳಿನಿಂದ ಬರುತ್ತಿರಲಿಲ್ಲ. ಸೋಪು ಹಚ್ಚಿ ಎಳೆದರೂ ಬರಲಿಲ್ಲ. ಬೆಳಿಗ್ಗೆ ಎದ್ದರೆ ಕಣ್ಣಿನ ರೆಪ್ಪೆ ದಪ್ಪ. ತಲೆಯ ಹಿಂದೆ ಯಾರೋ ಹಗ್ಗ ಬಿಗಿದ ಹಾಗೆ ನೋವು. ಅಮ್ಮನಿಗೆ ವಿಡಿಯೋದಲ್ಲಿ ಮುಖ ತೋರಿಸಿದರೆ, "ಬಸುರಿ ಕಳೆ ಬಂದ್ಬುಟ್ಟೈತೆ, ಮುಖ ತುಂಬ್ಕಂಡೈತೆ" ಎಂದು ಹಿಗ್ಗಿದರು. ಅವರೇ ಆ ಕಡೆಯಿಂದ ದೃಷ್ಟಿ ತೆಗೆದು ನೆಟಿಕೆ ಮುರಿದರು.

ಕೊನೆಗೆ ನಾನೇ ಹಟ ಮಾಡಿ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಎರಡು ಸಲ ಬಿ.ಪಿ. ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು, ಈಗಲೇ ಅಡ್ಮಿಟ್ ಆಗಿ ಎಂದರು. ಕೆಳಗಿನ ಕೌಂಟರಿನ ಹುಡುಗಿ ಮೊದಲು ಡೆಪಾಸಿಟ್ ಕಟ್ಟಿ ಎಂದಳು. ಅವಳು ಹೇಳಿದ ಮೊತ್ತ ಕೇಳಿ ನಾಗೇಶ ನನ್ನನ್ನು ನೋಡಲಿಲ್ಲ, ಗೋಡೆ ನೋಡಿದ. "ಇಷ್ಟರಲ್ಲಿ ಮೇಲಿನ ಮನೆ ಮೋಲ್ಡೇ ಆಗಿಹೋಗುತ್ತೆ ಸುಮಾ" ಎಂದ. ಊರಲ್ಲಿ ಎಲ್ಲ ಇದ್ದಾರೆ, ಅಲ್ಲೇ ತೋರಿಸೋಣ, ಇಲ್ಲಿನವರು ಸುಮ್ಮನೆ ಹೆದರಿಸುತ್ತಾರೆ ಎಂದ. ಆ ಹೊತ್ತಿಗೆ ನನಗೆ ನಿಲ್ಲಲು ಆಗುತ್ತಿರಲಿಲ್ಲ. ಕೇರಳದ ನರ್ಸೊಬ್ಬಳು ತನ್ನ ಕುರ್ಚಿಯನ್ನೇ ತಂದು ಹಾಕಿದಳು. ನೀರು ಕೊಟ್ಟಳು. ಹರಕು ಹಿಂದಿಯಲ್ಲಿ, ಕಣ್ಣು ಮಂಜಾದರೆ ದುಡ್ಡು ಇಲ್ಲದಿದ್ದರೂ ಬಂದುಬಿಡು, ಯಾರು ತಡೆದರೂ ನಿಲ್ಲಬೇಡ ಎಂದಳು. ಹೋಗುವಾಗ ನನ್ನ ಊದಿದ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು. ಆ ದಿನ ನನ್ನನ್ನು ಮುಟ್ಟಿದವಳು ಅವಳೊಬ್ಬಳೇ.

ಎಂಟನೇ ತಿಂಗಳಲ್ಲಿ ವಿಮಾನ ಹತ್ತಲು ಡಾಕ್ಟರ ಚೀಟಿ ಬೇಕು. ಆ ಡಾಕ್ಟರು ಕೊಡಲಿಲ್ಲ. ನಾಗೇಶ ಇನ್ನೊಂದು ಸಣ್ಣ ಕ್ಲಿನಿಕ್ಕಿನಲ್ಲಿ, ನನ್ನ ತೋಳಿಗೆ ಬಿ.ಪಿ. ಪಟ್ಟಿಯನ್ನೂ ಸುತ್ತದೆ ಬರೆದುಕೊಟ್ಟ ಚೀಟಿ ತಂದ. ಅವನಿಗೆ ರಜ ಸಿಗಲಿಲ್ಲ, ನಾನೊಬ್ಬಳೇ ಹೊರಟೆ. ಇಲ್ಲಿ ನನ್ನ ತಪ್ಪೂ ಇದೆ ಅಂತ ಹೇಳುವವರು ಹೇಳಿಕೊಳ್ಳಲಿ. ಸಾಯಬಹುದು ಎಂದು ಗೊತ್ತಿದ್ದರೂ ಗಂಡನಿಗೆ ಖರ್ಚಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡು ವಿಮಾನ ಹತ್ತುವ ಹೆಣ್ಣನ್ನು ತಯಾರು ಮಾಡಲು ಒಂದೆರಡು ಮನೆ ಸಾಲದು, ಇಡೀ ಊರೇ ಕೂಡಬೇಕು.

ಊರಿಗೆ ಬರುವುದೇನೋ ಆಯಿತು, ಬಂದು ಯಾರ ಮನೆಗೆ ಹೋಗುವುದು ಎಂಬುದು ತೀರ್ಮಾನವಾಗಿರಲಿಲ್ಲ. "ದೊಡ್ಡೋರು ಕೂತು ಮಾತಾಡ್ಲಿ" ಎಂದು ನಾಗೇಶ ಎರಡೂ ಮನೆಗೆ ಫೋನು ಮಾಡಿದ್ದ. ಬೆಂಗಳೂರು ಏರ್‌ಪೋರ್ಟಿನಿಂದ ಟ್ಯಾಕ್ಸಿಯವನು ನನ್ನನ್ನು, ಎರಡೂ ಊರಿಗೆ ದಾರಿ ಒಡೆಯುವ ಕೊಡಿಕೊಂಡ ಚೆಕ್‌ಪೋಸ್ಟಿನ ಹತ್ತಿರದ ಒಂದು ಡಾಬಾದಲ್ಲಿ ಇಳಿಸಿ ಹೋದ. ಹಿಂದೂಪುರದಿಂದ ಅತ್ತೆ ಮಾವ ಬಾಡಿಗೆ ಕಾರಿನಲ್ಲಿ ಬಂದಿದ್ದರು. ಅಪ್ಪ ಅಮ್ಮ ಜೀಪಿನಲ್ಲಿ ಬಂದಿದ್ದರು. ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂತ ಹಾಗೆ ತಗಡಿನ ಚಾವಣಿಯ ಕೆಳಗೆ ಎದುರುಬದುರು ಕೂತರು. ಮಾವ ಎಲ್ಲರಿಗೂ ಟೀ ಹೇಳಿದರು. ಲಾರಿಗಳು ಸಾಲಾಗಿ ನಿಂತು ಹಾರ್ನು ಹೊಡೆಯುತ್ತಿದ್ದವು. ಒಂದೊಂದು ಹಾರ್ನೂ ನನ್ನ ತಲೆಯೊಳಗೇ ಹೊಡೆದ ಹಾಗಿತ್ತು.

ಮೊದಲು ಮಾತು ತೆಗೆದವರು ಅತ್ತೆ. "ಮೊದ್ಲುದು ನಿಮ್ದಲ್ವಾ ಅಣ್ಣ. ನೀವು ಕರ್ಕಂಡು ಹೋದ್ರೆ ನಾವು ಬ್ಯಾಡ ಅಂತೀವಾ?"

"ಕರ್ಕಂಡು ಹೋಗಾಕೆ ನಮಗೇನಮ್ಮ, ಜೀಪೇ ತಂದಿವ್ನಿ" ಎಂದರು ಅಪ್ಪ. "ಆದ್ರೆ ಎಂಟನೇ ತಿಂಗ್ಳು. ಒಂಬತ್ತು ಬೀಳ್ಲಿ, ಆವತ್ತು ಬೆಳಿಗ್ಗೇನೇ ಬತ್ತೀನಿ. ಮಡ್ಲಕ್ಕಿ ಕಟ್ಟಿ ಕಳ್ಸಿ."

"ಅಲ್ಲೀಗಂಟ ನಮ್ಮನ್ಯಾಗೆ ಇಟ್ಕಂಡು ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಆಸ್ಪತ್ರೆ ಗೀಸ್ಪತ್ರೆ ಅಂತ ಆದ್ರೆ? ಆವಾಗ ಯಾರು ಕಟ್ಟೋರು ಹೇಳಿ."

ಅಮ್ಮ ಅತ್ತೆಯ ಕೈ ಹಿಡಿದುಕೊಂಡರು. "ವದಿನಾ, ಎನಿಮಿದೋ ನೆಲ! ಎಂಟನೇ ತಿಂಗ್ಳು ಅತ್ತಿಗೆ! ನಮ್ಮಕ್ಕನ್ನ ಎಂಟ್ರಾಗೇ ತವರಿಗೆ ಕರ್ಕಂಡು ಬಂದು ಏನಾಯ್ತು ಅಂತ ಗೊತ್ತಿಲ್ವಾ ನಿಮಗೆ? ನಾಲ್ಕೇ ದಿನ. ತಾಯೀನೂ ಹೋಯ್ತು, ಕೂಸೂ ಹೋಯ್ತು. ಗಡಪ ದಾಟಿಸಿ ನನ್ನ ಕೈಯಾರೆ ನನ್ನ ಮಗಳನ್ನ ಕೊಲ್ಲು ಅಂತೀರಾ?"

"ಸಮುದ್ರಾನೇ ದಾಟಿ ಬಂದೈತೆ, ಇನ್ನು ಹೊಸ್ತಿಲದೇನಮ್ಮ ಮಾತು?" ಎಂದರು ಅತ್ತೆ.

ನಿಜ ಹೇಳುತ್ತೇನೆ, ಅತ್ತೆ ಆಡಿದ ಆ ಮಾತು ಮಾತ್ರ ನನಗೆ ಸರಿ ಎನ್ನಿಸಿತು. ಆದರೆ ಅವರು ಅದನ್ನು ನನ್ನನ್ನು ಉಳಿಸಲು ಆಡಲಿಲ್ಲ, ನನ್ನನ್ನು ಸಾಗಹಾಕಲು ಆಡಿದರು. ಅಮ್ಮನ ಹೆದರಿಕೆ ನಿಜವಾದದ್ದು, ಆದರೆ ಅದೂ ನನ್ನನ್ನು ಅಲ್ಲೇ ಕೂರಿಸಿತ್ತು. ಒಬ್ಬರು ದುಡ್ಡಿಗೆ ಹೆದರಿ ಬಾಗಿಲು ಹಾಕಿಕೊಂಡರು, ಇನ್ನೊಬ್ಬರು ಪ್ರೀತಿಯಿಂದ ಹೆದರಿ ಹಾಕಿಕೊಂಡರು. ಹೊರಗೆ ನಿಂತವಳಿಗೆ ಎರಡೂ ಬಾಗಿಲೇ. ನಾಗೇಶನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. "ನೀವೇ ಒಂದು ಮಾತು ಹೇಳಿ" ಎಂದೆ. ಆ ಕಡೆ ಎಲ್ಲೋ ಡ್ರಿಲ್ಲಿಂಗ್ ಸದ್ದು. "ದೊಡ್ಡೋರು ಹೆಂಗೆ ಹೇಳ್ತಾರೋ ಹಂಗೆ ಮಾಡು ಸುಮಾ" ಎಂದು ಇಟ್ಟುಬಿಟ್ಟ.

ಡಾಬಾದ ಹೆಂಗಸು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳೋ ಏನೋ, ಒಳಗಿಂದ ಹಗ್ಗದ ಮಂಚ ಎಳೆದು ತಂದು, "ಮಲಿಕ್ಕಳವ್ವ, ಇವ್ರ ಪಂಚಾಯ್ತಿ ಮುಗಿಯಾದಲ್ಲ" ಎಂದಳು. ಮಲಗಲು ಹೋದೆ. ಹೊಟ್ಟೆಯ ಮೇಲ್ಭಾಗ, ಎದೆಗೂಡಿನ ಕೆಳಗೆ, ಕಬ್ಬಿಣದ ಸಲಾಕೆ ತಿರುವಿದ ಹಾಗಾಯಿತು. ಕಣ್ಣ ಮುಂದೆ ಬೆಳ್ಳಿ ಚುಕ್ಕೆಗಳು ಹಾರಿದವು. ರಸ್ತೆಯ ಧೂಳು ಅಂದುಕೊಂಡು ಕಣ್ಣುಜ್ಜಿದೆ, ಹೋಗಲಿಲ್ಲ. ಎದುರಿಗಿದ್ದ ಲಾರಿಯ ನಂಬರು ಅರ್ಧ ಕಾಣಿಸಿತು, ಅರ್ಧ ಅಳಿಸಿಹೋಯಿತು. ಕಣ್ಣು ಮಂಜಾದರೆ ಯಾರು ತಡೆದರೂ ನಿಲ್ಲಬೇಡ ಎಂದಿದ್ದಳಲ್ಲ ಆ ನರ್ಸು. ಇಲ್ಲಿ ಯಾರೂ ತಡೆದಿರಲೂ ಇಲ್ಲ. ಯಾರೂ ಕರೆದಿರಲೂ ಇಲ್ಲ, ಅಷ್ಟೆ.

ಎದ್ದೆ. ಗೋಡೆ ಹಿಡಿದು ನಡೆದು ಜೀಪಿನ ಮುಂದಿನ ಸೀಟಿನಲ್ಲಿ ಕೂತೆ. "ಅಪ್ಪ, ಆಸ್ಪತ್ರೆ ಯಾರ ಮನೇನೂ ಅಲ್ಲ" ಎಂದು ಕೂಗಿದೆ. "ಅದಕ್ಕೆ ಎಂಟೂ ಇಲ್ಲ, ಒಂಬತ್ತೂ ಇಲ್ಲ. ಜೀಪು ತೆಗಿಯಪ್ಪ. ಇಲ್ದಿದ್ರೆ ಆ ಲಾರಿಯೋರನ್ನೇ ಕರ್ಕಂಡು ಹೋಗಿ ಅಂತೀನಿ."

ಅಪ್ಪ ಟೀ ಲೋಟ ಕೆಳಗಿಟ್ಟು ಓಡಿ ಬಂದರು. ಅಮ್ಮ ಹಿಂದೆ ಹತ್ತಿದರು. ಅತ್ತೆ ಕಿಟಕಿಯ ಹತ್ತಿರ ಬಂದು, "ಹಿಂದೂಪುರದ ಆಸ್ಪತ್ರೆ ಆದ್ರೂ ನಿಮ್ದೇ ಕಣಣ್ಣ, ಮೊದ್ಲುದು" ಎಂದರು. "ಆಯ್ತು ಬುಡಮ್ಮ, ನಂದೇ" ಎಂದು ಅಪ್ಪ ಗೇರು ಹಾಕಿದರು. ಲೇಪಾಕ್ಷಿಯ ರಸ್ತೆಯಲ್ಲಿ ನನಗೆ ಎರಡು ಸಲ ವಾಂತಿಯಾಯಿತು. ಜೀವನವಿಡೀ ಗುಂಡಿ ನೋಡಿ ಓಡಿಸಿದ ಅಪ್ಪ ಆ ದಿನ ಒಂದು ಗುಂಡಿಯನ್ನೂ ನೋಡಲಿಲ್ಲ.

ಹಿಂದೂಪುರದಲ್ಲಿ ನಾವು ಹೋದದ್ದು ಒಂದು ಸಣ್ಣ ನರ್ಸಿಂಗ್ ಹೋಮಿಗೆ. ಡಾಕ್ಟರಮ್ಮ ಬಿ.ಪಿ. ನೋಡಿ, ನನ್ನ ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ, ತಿರುಗಿ ಅಪ್ಪನ ಮೇಲೆ ಹರಿಹಾಯ್ದರು. "ಇಂತಸೇಪು ಏಂ ಚೇಸ್ತುನ್ನಾರು?" ಇಷ್ಟು ಹೊತ್ತು ಏನು ಮಾಡ್ತಾ ಇದ್ರಿ? ಟೀ ಕುಡೀತಾ ಇದ್ವಿ ಅಂತ ಹೇಳುವುದಕ್ಕೆ ಅಪ್ಪನಿಗೆ ಬಾಯಿ ಬರಲಿಲ್ಲ. ಈಗಲೇ ಆಪರೇಷನ್ ಮಾಡಿ ತೆಗೆಯಬೇಕು, ಕಾದರೆ ಇಬ್ಬರೂ ಹೋಗುತ್ತಾರೆ ಎಂದರು ಡಾಕ್ಟರಮ್ಮ. ಗಂಡನ ಕಡೆಯವರು ಸೈನ್ ಮಾಡಬೇಕು ಎಂದ ಕೌಂಟರಿನವನು. ಅಷ್ಟರಲ್ಲಿ ಬಂದು ನಿಂತಿದ್ದ ಮಾವನ ಕಡೆ ಎಲ್ಲರೂ ನೋಡಿದರು. "ಕಾರು ಅಡ್ಡ ನಿಂತೈತೆ, ತೆಗೆಸಿ ಬತ್ತೀನಿ" ಎಂದು ಮಾವ ಹೊರಗೆ ಹೋದರು. ಅಪ್ಪನೇ ಸೈನ್ ಮಾಡಿದರು. ಜೀಪಿಗೆ ಹೊಸ ಟಯರು ಹಾಕಿಸಲು ಇಟ್ಟಿದ್ದ ದುಡ್ಡನ್ನು ಬನಿಯನ್ನಿನ ಜೇಬಿನಿಂದ ತೆಗೆದು ಕೌಂಟರಿನ ಮೇಲಿಟ್ಟರು.

ಆಮೇಲಿನದು ನನಗೆ ನೆನಪಿಲ್ಲ. ಬೆಂಚಿನ ಮೇಲೇ ಫಿಟ್ಸ್ ಬಂತಂತೆ. ಕಣ್ಣು ಮೇಲಕ್ಕೆ ಹೋಗಿ, ಹಲ್ಲು ಕಚ್ಚಿ, ನಾಲಿಗೆಯಿಂದ ರಕ್ತ ಬಂತಂತೆ. ಅಮ್ಮ ದೆವ್ವ ಮೆಟ್ಟಿಕೊಂಡಿತು ಎಂದು ಕಿರುಚಿದರಂತೆ. ಕೊಟ್ಟ ಇಂಜೆಕ್ಷನ್ ಮೈತುಂಬ ಬೆಂಕಿ ಹರಿದ ಹಾಗಿತ್ತು, ಅದೊಂದು ಮಾತ್ರ ಮಸುಕಾಗಿ ನೆನಪಿದೆ. ಕಣ್ಣು ಬಿಟ್ಟಾಗ ಹೊಟ್ಟೆ ಖಾಲಿ, ಬಾಯಿಯೊಳಗೆ ನಾಲಿಗೆ ಬದಲು ಬಟ್ಟೆಯ ಉಂಡೆ ಇಟ್ಟ ಹಾಗಿತ್ತು. ಕೂಸು ಎಲ್ಲಿ ಎಂದು ಕೇಳಿದೆ. ನನ್ನ ಮಾತು ನನಗೇ ಅರ್ಥವಾಗಲಿಲ್ಲ.

ಹೆಣ್ಣು. ಬದುಕಿತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಉಸಿರಿಗೆ ಕಷ್ಟಪಡುತ್ತಿದೆ, ಮಕ್ಕಳ ಡಾಕ್ಟರು ಬಂದು ನೋಡಿದ್ದಾರೆ, ಕೆಲವು ವಾರ ಇಲ್ಲೇ ಇರಬೇಕು, ಪೆಟ್ಟಿಗೆಗೆ ದಿನದ ಲೆಕ್ಕದಲ್ಲಿ ಕಟ್ಟಬೇಕು ಎಂದರಂತೆ. ಹೆರಿಗೆಯ ಖರ್ಚು ತವರಿನದು ಸರಿ. ಮಗು ಹುಟ್ಟಿದ ಮೇಲೆ ಅದು ಗಂಡನ ಮನೆಯ ಕೂಸಲ್ಲವೇ? ಅಪ್ಪನ ಜೇಬು ಖಾಲಿಯಾಗಿತ್ತು. ಅಮ್ಮ ಬಾಯಿಬಿಟ್ಟು ಅತ್ತೆಯನ್ನು ಕೇಳಿದರು.

ಅತ್ತೆ ನನ್ನ ಮಂಚದ ಪಕ್ಕದಲ್ಲೇ ನಿಂತಿದ್ದರು. ನಾನು ನಿದ್ದೆಯಲ್ಲಿದ್ದೇನೆ ಅಂದುಕೊಂಡಿದ್ದರು. "ಏಳ್ರದು ಉಳೀತದೆ, ಎಂಟ್ರದು ಉಳಿಯಕಿಲ್ಲ ವದಿನಾ. ನಮ್ಮ ಕಾಲದಿಂದ ನೋಡಿಲ್ವಾ? ಆ ಸಣ್ಣ ಜೀವಕ್ಕೆ ಯಾಕೆ ಸೂಜಿ ಚುಚ್ಚಿಸ್ತೀರಾ? ಮನೆಗೆ ತಗಂಡು ಹೋಗಾಣ. ದೇವ್ರು ಕೊಟ್ರೆ ಕೊಟ್ಟ, ಕರ್ಕಂಡ್ರೆ ಕರ್ಕಂಡ." ಹೇಳುತ್ತ ಅಳುತ್ತಿದ್ದರು. ನಾಟಕವಲ್ಲ, ನಿಜವಾದ ಅಳು. ಅದಕ್ಕೇ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಅವರು ಕೆಟ್ಟವರಾಗಿದ್ದರೆ ಬೈದು ಮರೆತುಬಿಡಬಹುದಿತ್ತು. ನನ್ನ ಮಗುವನ್ನು ಸಾಯಲು ಬಿಡುವ ಮಾತನ್ನು ಕರುಣೆಯಿಂದ ಆಡಿದರು.

ಅಮ್ಮ ಏನು ಹೇಳುತ್ತಾರೋ ಎಂದು ಕಣ್ಣು ಮುಚ್ಚಿಯೇ ಕಾದೆ. ಎಂಟರದು ಉಳಿಯುವುದಿಲ್ಲ ಎಂಬುದನ್ನು ಅಮ್ಮನೂ ನಂಬಿದ್ದರು. ರೆಪ್ಪೆಯ ಸಂದಿನಿಂದ ನೋಡಿದೆ. ಸೆರಗು ಬಾಯಿಗೆ ಒತ್ತಿಕೊಂಡರು.

ಮೇಲೇಳಬಾರದು ಎಂದಿದ್ದರು. ಆಯಾಳನ್ನು ಬೇಡಿಕೊಂಡು ಗಾಲಿಕುರ್ಚಿಯಲ್ಲಿ ಗಾಜಿನ ಬಾಗಿಲಿನವರೆಗೆ ಹೋದೆ. ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಅಂಗೈಗಿಂತ ಸ್ವಲ್ಪ ದೊಡ್ಡ ಜೀವ. ತಲೆಗೆ ಟೋಪಿ. ಪಕ್ಕೆಲುಬು ಒಳಗೆ ಹೊರಗೆ ಹೋಗುತ್ತಿತ್ತು. ನನಗೆ ಪ್ರೀತಿ ಉಕ್ಕಿತು ಅಂತ ಬರೆದರೆ ಸುಳ್ಳಾಗುತ್ತದೆ. ಸಿಟ್ಟೇ ಉಕ್ಕಿತು. ಇಷ್ಟು ಚಿಕ್ಕದು ಇಷ್ಟು ಕಷ್ಟಪಟ್ಟು ಉಸಿರಾಡುತ್ತಿದೆ, ಇದನ್ನು ಉಳಿಯದ ಲೆಕ್ಕಕ್ಕೆ ಬರೆದುಬಿಟ್ಟಿದ್ದಾರಲ್ಲ ಎಂದು ಸಿಟ್ಟು. ನಾಗೇಶನಿಗೆ ವಿಡಿಯೋ ಕರೆ ಮಾಡಿದೆ. ಕ್ಯಾಮೆರಾ ಮಗುವಿನ ಕಡೆ ತಿರುಗಿಸಿದೆ.

"ನಮ್ಮಮ್ಮ ಏನಂದ್ಲು?" ಎಂದು ಕೇಳಿದ.

"ಉಳಿಯಲ್ಲ ಅಂದ್ರು. ನೀವೇನಂತೀರಾ?" ಎಂದೆ. ಕಚ್ಚಿದ ನಾಲಿಗೆಯಿಂದ ಒಂದೊಂದೇ ಅಕ್ಷರ ಹೊರಡಿಸಿದೆ. "ಇಲ್ಲಿ ನಿಂತು ಸಿಮೆಂಟಿನ ಲೆಕ್ಕ ಹಾಕಿ. ಎಷ್ಟು ಮೂಟೆ ಬರುತ್ತೆ ಇವಳಿಗೆ?"

ಅವನು ಅಳತೊಡಗಿದ. ಅಳಬೇಡಿ, ಹೇಳಿ ಎಂದೆ. ಅತ್ತು ಜಾರಿಕೊಳ್ಳುವುದನ್ನು ಆ ಮನೆಯಲ್ಲಿ ಆಗಲೇ ಒಬ್ಬರು ಮಾಡಿ ಮುಗಿಸಿದ್ದರು. "ಉಳಿಸ್ಕೋ ಸುಮಾ. ಏನಾದ್ರೂ ಆಗ್ಲಿ, ಉಳಿಸ್ಕೋ" ಎಂದ. ಆ ಸಂಜೆ ದುಡ್ಡು ಅತ್ತೆಯ ಅಕೌಂಟಿಗೆ ಹೋಗಲಿಲ್ಲ, ಅಪ್ಪನ ಮೊಬೈಲಿಗೆ ಬಂತು. ಮದುವೆಯಾದ ಮೇಲೆ ಅವನು ತಾಯಿಯನ್ನು ಕೇಳದೆ ಮಾಡಿದ ಮೊದಲ ಕೆಲಸ ಅದು. ಆಮೇಲೂ ಪ್ರತಿ ತಿಂಗಳು ಅಲ್ಲಿಗೇ ಬಂತು. ಹಿಂದೂಪುರದ ಮೇಲಿನ ಮನೆಗೆ ಇವತ್ತಿಗೂ ಮೋಲ್ಡ್ ಬಿದ್ದಿಲ್ಲ.

ಇಷ್ಟಾದರೂ ನನ್ನ ಜಗಳ ಮುಗಿಯಲಿಲ್ಲ, ಯಾಕೆಂದರೆ ಈಗ ಅಪ್ಪ ಶುರುಮಾಡಿದರು. ಅಳಿಯ ಕಳಿಸಿದ ದುಡ್ಡಿನಲ್ಲಿ ಪೆಟ್ಟಿಗೆಯದು ಕಟ್ಟಿದ ಮೇಲೂ ಉಳಿದಿತ್ತು. ಟಯರಿನ ದುಡ್ಡು ತೆಗೆದುಕೋ ಅಂದರೆ, "ಮಗಳ ಮೊದಲ ಹೆರಿಗೆ ದುಡ್ಡು ಅಳಿಯನ ಹತ್ರ ಇಸ್ಕಂಡ ಅಂದ್ರೆ ಸೆಟ್ಟೂರ್ನಾಗೆ ನನ್ನ ಜೀಪು ಯಾರು ಹತ್ತಾರಮ್ಮ?" ಎಂದರು. ಸವೆದ ಟಯರಿನಲ್ಲೇ ಮಳೆಗಾಲವೆಲ್ಲ ಜನರನ್ನು ತುಂಬಿಕೊಂಡು ಓಡಿಸಿದರು. ನನ್ನ ಜೀವ ತೆಗೆಯಲು ಬಂದ ಕಟ್ಟಳೆಯನ್ನು ಅಪ್ಪ ಮರ್ಯಾದೆ ಎಂದು ಎದೆಗೆ ಅವಚಿಕೊಂಡಿದ್ದರು. ಅವರ ಮೇಲೂ ಕೂಗಾಡಿದೆ. ಬಾಣಂತಿ ಕೂಗಾಡಬಾರದು, ಬಿ.ಪಿ. ಏರುತ್ತದೆ ಎಂದು ನರ್ಸು ಬಂದು ಗದರಿದಳು.

ಬಿ.ಪಿ. ಏರುವುದೇನು, ಇಳಿಯಲೇ ಇಲ್ಲ. ಹೆರಿಗೆಯಾದ ಮೇಲೆ ತಾನಾಗಿ ಇಳಿಯುತ್ತದೆ ಎಂದಿದ್ದರು, ನನ್ನದು ನಿಂತುಬಿಟ್ಟಿತು. ಈಗ ದಿನಾ ಬೆಳಿಗ್ಗೆ ಮಾತ್ರೆ, ಉಪ್ಪಿನಕಾಯಿ ಬಂದ್. ಮಗುವಿನ ಚೆಕಪ್ಪು, ನನ್ನ ಚೆಕಪ್ಪು ಎಂದು ಓಡಾಡಲು ಕಲ್ಯಾಣದುರ್ಗದಲ್ಲೇ ಒಂದು ಬಾಡಿಗೆ ಮನೆ ಮಾಡಿದ್ದೇನೆ. ಬಾಡಿಗೆ ನಾಗೇಶನದು. ಮಸ್ಕತ್ತಿಗೆ ಯಾವಾಗ ಬರುತ್ತೀಯ ಎಂದು ಕೇಳುತ್ತಾನೆ. ಅಲ್ಲಿ ನನಗೆ ಹುಷಾರಿಲ್ಲದಿದ್ದರೆ ಯಾರು ಕಟ್ಟುತ್ತಾರೆ ಎಂದು ಮೊದಲು ಗೊತ್ತುಮಾಡಿಕೊಂಡು ಹೇಳಿ ಎನ್ನುತ್ತೇನೆ. ವಿಚಾರಿಸುತ್ತಿದ್ದಾನಂತೆ.

ಹಿಂದೂಪುರದ ಆಸ್ಪತ್ರೆಯಲ್ಲಿದ್ದಾಗ ಒಂದು ದಿನ ಡಾಕ್ಟರಮ್ಮ ಅಮ್ಮನಿಗೆ ನನ್ನ ಕಾಯಿಲೆಯ ಬಗ್ಗೆ ಹೇಳುತ್ತಿದ್ದರು. ಮುಖ ಊದುವುದು, ತಲೆನೋವು, ಫಿಟ್ಸು. ಅಮ್ಮ ಕೇಳುತ್ತ ಕೇಳುತ್ತ ಗೋಡೆಗೆ ಒರಗಿ ಕೂತುಬಿಟ್ಟರು. "ನಮ್ಮಕ್ಕಂಗೂ ಹಿಂಗೇ ಮುಖ ಊದಿತ್ತು" ಎಂದರು. "ದೆವ್ವ ಅಂತ ಬೇವಿನ ಸೊಪ್ಪಿನಾಗೆ ಹೊಡ್ದಿದ್ರು. ನಾನೇ ಸೊಪ್ಪು ಕಿತ್ಕಂಡು ಬಂದಿದ್ದೆ." ಅಷ್ಟು ವರ್ಷ ಎಂಟನೇ ತಿಂಗಳ ಮೇಲೆ ಹೊರಿಸಿದ್ದ ಸಾವು ಅದು. ಅಮ್ಮನ ಮೇಲಿನ ನನ್ನ ಸಿಟ್ಟು ಅವತ್ತು ಇಳಿಯಿತು. ಅವರನ್ನು ತಬ್ಬಿಕೊಂಡು ಇಬ್ಬರೂ ಅತ್ತೆವು.

ಇದನ್ನು ಓದುವವರಲ್ಲಿ ಯಾರಾದರೂ ಈಗ ಊದಿದ ಕಾಲು ಇಟ್ಟುಕೊಂಡು, ಯಾರು ಕಟ್ಟಬೇಕು ಎಂದು ದೊಡ್ಡವರು ಮಾತಾಡಿ ಮುಗಿಸಲಿ ಅಂತ ಕೂತಿದ್ದರೆ, ಕೂರಬೇಡಿ. ಅವರ ಮಾತು ಮುಗಿಯುವುದಿಲ್ಲ. ಎದ್ದು ಹೋಗಿ ಸಿಕ್ಕಿದ ಗಾಡಿಯಲ್ಲಿ ಕೂತುಬಿಡಿ. ಓಡಿಸುವವರು ಓಡಿ ಬರುತ್ತಾರೆ.

ಮಗುವಿಗೆ ಐದು ತಿಂಗಳು ತುಂಬಿದಾಗ ತೊಟ್ಟಿಲು ಹಾಕಿದೆವು. ಹಿಂದೂಪುರದಿಂದ ಅತ್ತೆ ಮಾವ ಒಂದು ಕಾರಿನ ತುಂಬ ಜನರನ್ನು ಕರೆದುಕೊಂಡು ಬಂದರು. ಬೆಳ್ಳಿ ಉಡುದಾರ, ಕಾಲಿಗೆ ಕಡಗ, ಮೂರು ಜೊತೆ ಬಟ್ಟೆ ತಂದಿದ್ದರು. ಅತ್ತೆ ಬಂದವರೇ ಮಗುವನ್ನು ಎತ್ತಿಕೊಂಡು ಕೂತರು, ಯಾರಿಗೂ ಕೊಡಲಿಲ್ಲ. ಮಗು ಗುಂಡಗೆ ಆಗಿತ್ತು, ಅವರ ಮೂಗುತಿಗೆ ಕೈ ಹಾಕಿ ನಗುತ್ತಿತ್ತು. ಊಟವಾದ ಮೇಲೆ ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಅತ್ತೆಗೆ ಖುಷಿ ತಡೆಯಲಾಗಲಿಲ್ಲ.

"ಬೀಗ್ರು ಚೆನ್ನಾಗಿ ಮಾಡಿದ್ರು ಬುಡಿ, ಒಂದು ಮಾತು ಆಡೋ ಹಂಗಿಲ್ಲ. ಇನ್ನು ಎರಡ್ನೇದು ನಮ್ದು ಕಣಮ್ಮ ಸುಮಾ! ರಾಣಿ ನೋಡ್ಕಂಡಂಗೆ ನೋಡ್ಕಂತೀವಿ ನೋಡು" ಎಂದರು. ಹೆಂಗಸರೆಲ್ಲ ನಕ್ಕರು. ಅಮ್ಮನೂ ನಕ್ಕರು.

"ಎರಡ್ನೇದು ಇಲ್ಲ ಅತ್ತೆ" ಎಂದೆ.

"ಹಂಗಂದ್ರೆ ಹೆಂಗಮ್ಮ? ನಮ್ಮ ಸರದಿ ಬರೋದು ಬ್ಯಾಡ್ವಾ?"

"ನಿಮ್ಮ ಸರದಿ ಬಂದಿತ್ತು ಅತ್ತೆ" ಎಂದೆ. ಕೂಗಲಿಲ್ಲ. ಡಾಕ್ಟರು ಕೂಗಬೇಡ ಎಂದಿದ್ದರು. "ಇವಳು ಗಾಜಿನ ಪೆಟ್ಟಿಗೇಲಿ ಇದ್ದಾಗ ಬಂದಿತ್ತು. ನೀವು ಉಳಿಯಲ್ಲ ಅಂದ್ರಿ."

ಮಾವ ಎದ್ದು ಹೊರಗೆ ಹೋದರು. ಅಮ್ಮ ನನ್ನ ತೋಳು ಗಿಲ್ಲಿದರು. ಅತ್ತೆ ತಲೆ ಎತ್ತಲಿಲ್ಲ, ಮಗುವನ್ನು ಕೆಳಗೂ ಇಡಲಿಲ್ಲ. ತೊಡೆಯ ಮೇಲೆ ಮಲಗಿಸಿಕೊಂಡು, ತಾವೇ ತಂದ ಕಡಗವನ್ನು ಅದರ ಕಾಲಿಗೆ ಹಾಕಲು ನೋಡುತ್ತಿದ್ದರು. ಹುಟ್ಟಿದಾಗಿನ ಕಾಲು ನೆನಪಿಟ್ಟುಕೊಂಡು ಅಳತೆ ಕೊಟ್ಟಿದ್ದರೋ ಏನೋ, ಕಡಗ ಹಿಡಿಸಲಿಲ್ಲ.